ಬದುಕಿರುವವರಿಗೆ ಮೌನಾಚರಣೆ ಬೇಡ: ಜನವರಿ 14ರ ಬಗ್ಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಶಾಲಾ ಶಿಕ್ಷಣ ಸಚಿವರು, ಕರ್ನಾಟಕ ಸರ್ಕಾರ,
ಹಾಗೂ
ಮಾನ್ಯ ನಿರ್ದೇಶಕರು, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ, ಬೆಂಗಳೂರು

ವಿಷಯ: ಸಶಸ್ತ್ರ ಪಡೆಗಳ ಮಾಜಿ ಸೈನಿಕರ ದಿನ ಹುಟ್ಟಿದ ಬಗೆಯನ್ನು ಶಾಲೆಗಳಲ್ಲಿಯೂ ಗ್ರಾಮ ಪಂಚಾಯಿತಿಗಳಲ್ಲಿಯೂ ತಿಳಿಸಿಕೊಡುವ ಕುರಿತು

ಮಾನ್ಯರೇ,

ಕೆಲವು ವರ್ಷಗಳ ಹಿಂದೆ, ಸಂಕ್ರಾಂತಿಯ ಬೆಳಿಗ್ಗೆ, ತಾಲೂಕು ಕೇಂದ್ರವೊಂದರಲ್ಲಿ ಏರ್ಪಾಡಾಗಿದ್ದ ಮಾಜಿ ಸೈನಿಕರ ಸನ್ಮಾನ ಸಮಾರಂಭಕ್ಕೆ ನನ್ನ ಅಣ್ಣನ ಜೊತೆಯಲ್ಲಿ ನಾನೂ ಹೋಗಿದ್ದೆ. ಅಣ್ಣ 1974ರಲ್ಲಿ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಸೇರಿ, 17 ವರ್ಷ ದುಡಿದು, ಹವಾಲ್ದಾರನಾಗಿ ಪೆನ್ಷನ್ ಬಂದವನು. ಪ್ರಾರ್ಥನೆ, ಸ್ವಾಗತ ಮುಗಿದ ಮೇಲೆ ನಿರೂಪಕರು ಮೈಕಿನ ಮುಂದೆ ಬಂದು, ಇದು ಮಾಜಿ ಸೈನಿಕರನ್ನು ಸ್ಮರಿಸುವ ದಿನವಾದ್ದರಿಂದ ಎಲ್ಲರೂ ಎದ್ದು ನಿಂತು, ಅವರ ಆತ್ಮಕ್ಕೆ ಶಾಂತಿ ಕೋರಿ ಎರಡು ನಿಮಿಷ ಮೌನ ಆಚರಿಸಬೇಕೆಂದು ವಿನಂತಿಸಿದರು. ಮುಂದಿನ ಸಾಲಿನಲ್ಲಿ ಪದಕಗಳನ್ನು ಎದೆಗೆ ಸಿಕ್ಕಿಸಿಕೊಂಡು ಕುಳಿತಿದ್ದ ಇಪ್ಪತ್ತಕ್ಕೂ ಹೆಚ್ಚು ಮಂದಿ ಮಾಜಿ ಸೈನಿಕರು, ಆಜ್ಞೆಗೆ ಮರುಮಾತಾಡದೆ ಪಳಗಿದವರಾದ್ದರಿಂದ, ಎದ್ದು ನೆಟ್ಟಗೆ ನಿಂತರು. ವೇದಿಕೆಯ ಮೇಲಿದ್ದ ಗಣ್ಯರೂ ತಲೆ ತಗ್ಗಿಸಿ ನಿಂತರು. ಆಗಿದ್ದೇನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅಣ್ಣ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಒಂದು ಮಾತು ಹೇಳಿದ: "ನಮ್ಮ ಮೌನಾಚರಣೆಗೆ ನಾವೇ ಎದ್ದು ನಿಂತೆವಲ್ಲೋ."

ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆದರೆ ನಿರೂಪಕರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿಲ್ಲ, ಏಕೆಂದರೆ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸಮಾಜ ವಿಜ್ಞಾನ ಪಾಠ ಮಾಡಿದ ನಾನು, ಈ ದಿನದ ಆಚರಣೆ ಶುರುವಾದ ಮೇಲೂ ಸೇವೆಯಲ್ಲಿದ್ದಷ್ಟು ಕಾಲ, ಜನವರಿ 14ಕ್ಕೂ ಮಾಜಿ ಸೈನಿಕರಿಗೂ ಏನು ಸಂಬಂಧ ಎಂಬುದನ್ನು ನನ್ನ ತರಗತಿಯ ಮಕ್ಕಳಿಗೆ ಒಂದು ಸಲವೂ ಹೇಳಲಿಲ್ಲ. ಹೇಳದೆ ಬಿಟ್ಟ ಆ ಪಾಠವನ್ನು ಈ ಪತ್ರದಲ್ಲಿ ಮೊದಲು ಬರೆದು, ನಂತರ ನನ್ನ ಕೋರಿಕೆಗೆ ಬರುತ್ತೇನೆ.

1953ರ ಜನವರಿ 14ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಜನರಲ್ ಕೆ.ಎಂ. ಕಾರ್ಯಪ್ಪನವರು ಸೇವೆಯಿಂದ ನಿವೃತ್ತರಾದರು. ನಮ್ಮ ದೇಶದಲ್ಲಿ ಸಶಸ್ತ್ರ ಪಡೆಗಳ ಮಾಜಿ ಸೈನಿಕರ ದಿನಕ್ಕೆ ಈ ತಾರೀಕನ್ನು ಆರಿಸಿಕೊಂಡಿದ್ದು ಇದೊಂದೇ ಕಾರಣಕ್ಕೆ. 2016ರಲ್ಲಿ ಮೊದಲ ಬಾರಿಗೆ ಆಚರಣೆಗೆ ಬಂದ ಈ ದಿನದ ಹಿಂದೆ ಯಾವ ಕೋಟೆಯ ಪತನವೂ ಇಲ್ಲ, ಯಾವ ಶತ್ರುವಿನ ಶರಣಾಗತಿಯೂ ಇಲ್ಲ. ಕೊಡಗಿನ ಶನಿವಾರಸಂತೆಯಲ್ಲಿ 1899ರ ಜನವರಿ 28ರಂದು ಹುಟ್ಟಿದ ಒಬ್ಬ ಮನುಷ್ಯ, 54 ತುಂಬಲು ಇನ್ನೆರಡು ವಾರ ಇರುವಾಗ, ತನ್ನ ಹೊಣೆಯನ್ನು ಜನರಲ್ ರಾಜೇಂದ್ರಸಿಂಹಜಿಯವರಿಗೆ ಬಿಟ್ಟುಕೊಟ್ಟು ಹೊರಟ ದಿನ ಅದು.

ಕಾರ್ಯಪ್ಪನವರ ಸೇನಾ ಜೀವನ ಕನ್ನಡಿಗರಿಗೆ ಸ್ವಲ್ಪಮಟ್ಟಿಗೆ ಗೊತ್ತಿರುವುದೇ ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಮಡಿಕೇರಿಯಲ್ಲಿ ಶಾಲೆ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದು, ಆಮೇಲೆ ಇಂದೋರಿನ ಡೇಲಿ ಕಾಲೇಜಿನಲ್ಲಿ ಅಧಿಕಾರಿಗಳಾಗಿ ತರಬೇತಾದ ಭಾರತೀಯರ ಮೊದಲ ತಂಡದಲ್ಲಿ ಒಬ್ಬರಾಗಿ 1919ರಲ್ಲಿ ಸೇನೆಗೆ ಪ್ರವೇಶ. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಸೇರಿದ ಮೊದಲ ಭಾರತೀಯ. 1942ರಲ್ಲಿ ಬೆಟಾಲಿಯನ್ ಒಂದರ ನಾಯಕತ್ವ ವಹಿಸಿದ ಮೊದಲ ಭಾರತೀಯ. 1948ರ ಜನವರಿಯಲ್ಲಿ ಕಾಶ್ಮೀರದ ಯುದ್ಧ ನಡೆಯುತ್ತಿರುವಾಗ ಪಶ್ಚಿಮದ ಕಮಾಂಡು ಅವರ ಕೈಗೆ ಬಂತು. ಅದೇ ವರ್ಷದ ನವೆಂಬರ್ 1ರಂದು ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ಬೆಚ್ಚಿಬೀಳಿಸಿದ ಜನರಲ್ ತಿಮ್ಮಯ್ಯನವರೂ ಕೊಡಗಿನವರೇ. 1949ರ ಜನವರಿ 15ರಂದು ಕಾರ್ಯಪ್ಪನವರು ಜನರಲ್ ರಾಯ್ ಬೂಚರ್ ಅವರಿಂದ ಅಧಿಕಾರ ವಹಿಸಿಕೊಂಡರು. ಬ್ರಿಟಿಷ್ ದಂಡನಾಯಕರ ಸಾಲು ಅಲ್ಲಿಗೆ ಕೊನೆಯಾಯಿತು. ಆ ದಿನವೇ ನಮ್ಮ ಸೇನಾ ದಿನ. 2023ರಲ್ಲಿ ದೆಹಲಿಯ ಹೊರಗೆ ಮೊದಲ ಬಾರಿಗೆ ಸೇನಾ ದಿನದ ಪಥಸಂಚಲನ ನಡೆದದ್ದು ನಮ್ಮ ಬೆಂಗಳೂರಿನಲ್ಲಿಯೇ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಜನವರಿ 15 ಅಧಿಕಾರ ವಹಿಸಿಕೊಂಡ ದಿನ. ಜನವರಿ 14 ಅಧಿಕಾರ ಇಳಿದ ದಿನ. ನಡುವೆ ಸರಿಯಾಗಿ ನಾಲ್ಕು ವರ್ಷ. ಒಬ್ಬನೇ ವ್ಯಕ್ತಿಯ ಏರು ಮತ್ತು ಇಳಿತದಿಂದ ಎರಡು ರಾಷ್ಟ್ರೀಯ ದಿನಗಳು ಹುಟ್ಟಿದವು, ಪಂಚಾಂಗದಲ್ಲಿ ಅಕ್ಕಪಕ್ಕದಲ್ಲಿ ಕುಳಿತವು. ನಮ್ಮ ಶಾಲೆಗಳಲ್ಲಿ ಮೊದಲನೆಯದು ಅಷ್ಟಿಷ್ಟು ತಿಳಿದಿದೆ, ಎರಡನೆಯದು ತಿಳಿದಿಲ್ಲ. ಜುಲೈ 26 ಕಾರ್ಗಿಲ್ ವಿಜಯದ ದಿನ, ಡಿಸೆಂಬರ್ 16 1971ರ ವಿಜಯದ ದಿನ, ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಇವುಗಳ ಸಾಲಿನಲ್ಲಿ ನಿಂತಾಗ ಜನವರಿ 14 ಬೇರೆಯಾಗಿ ಕಾಣುವುದು, ಅದು ಸಮವಸ್ತ್ರ ಕಳಚಿಟ್ಟ ದಿನ ಎಂಬುದರಿಂದ. ಹಾಗೆ ಕಳಚಿಟ್ಟ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಯೇ ಆ ದಿನದ ಒಡಲಲ್ಲಿದೆ ಎಂದು ನಾನು ತಿಳಿದುಕೊಂಡಿದ್ದೇನೆ.

ಕಾರ್ಯಪ್ಪನವರ ಮಟ್ಟಿಗೆ ಆ ಪ್ರಶ್ನೆಗೆ ಸಿಗುವ ಉತ್ತರ ದೊಡ್ಡದು. ಅವರು ತೀರಿಕೊಂಡದ್ದು 1993ರ ಮೇ 15ರಂದು, ಬೆಂಗಳೂರಿನಲ್ಲಿ. ಎಂದರೆ ನಿವೃತ್ತಿಯ ನಂತರ ಅವರು ಬದುಕಿದ್ದು 40 ವರ್ಷ 4 ತಿಂಗಳು. ಅಧಿಕಾರಿಯಾಗಿ ಅವರು ಸೇನೆಯಲ್ಲಿ ಕಳೆದದ್ದು ಸುಮಾರು 33 ವರ್ಷ. ಸೇನೆಯ ಹೊರಗಿನ ಬದುಕೇ ಒಳಗಿನದಕ್ಕಿಂತ ಉದ್ದವಾಗಿತ್ತು, ಮತ್ತು ಆ ಉದ್ದವನ್ನು ಅವರು ಖಾಲಿ ಬಿಡಲಿಲ್ಲ. 1953ರಿಂದ 1956ರವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದರು. 1964ರಲ್ಲಿ, ದೇಶದ ಮಾಜಿ ಸೈನಿಕರಿಗೆಲ್ಲ ಒಂದು ಧ್ವನಿ ಬೇಕೆಂದು, ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಕಟ್ಟಿದರು. ಮಹಾದಂಡನಾಯಕನಾಗಿದ್ದವನು ಸಾಮಾನ್ಯ ಜವಾನನ ಪಿಂಚಣಿ, ಕೆಲಸ, ಮನೆಯ ಚಿಂತೆಯನ್ನು ತನ್ನ ಚಿಂತೆಯನ್ನಾಗಿ ಮಾಡಿಕೊಂಡದ್ದನ್ನು ನಾನು ಜೋಜಿಲಾದ ಗೆಲುವಿಗಿಂತ ಕಡಿಮೆಯೆಂದು ಎಣಿಸಲಾರೆ. ಮಾಜಿ ಸೈನಿಕರ ದಿನಕ್ಕೆ ಅವರ ಹೆಸರು ತಳುಕು ಹಾಕಿಕೊಂಡಿರುವುದಕ್ಕೆ ನಿವೃತ್ತಿಯ ತಾರೀಕಿಗಿಂತ ಗಟ್ಟಿಯಾದ ಸಮರ್ಥನೆ ಇರುವುದು ಈ ಕೆಲಸದಲ್ಲಿ.

1965ರ ಯುದ್ಧದಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆಯಾದಾಗ, ಹಿಂದೆ ಅವಿಭಜಿತ ಸೇನೆಯಲ್ಲಿ ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದ ಅಧ್ಯಕ್ಷ ಅಯೂಬ್ ಖಾನ್ ಮಗನನ್ನು ಬಿಡುಗಡೆ ಮಾಡುವ ಇಂಗಿತ ತಿಳಿಸಿದರೆಂದೂ, ಸೆರೆಯಲ್ಲಿರುವ ಎಲ್ಲ ಸೈನಿಕರೂ ತನ್ನ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂಬ ಅರ್ಥದ ಉತ್ತರವನ್ನು ಕಾರ್ಯಪ್ಪನವರು ಕಳುಹಿಸಿದರೆಂದೂ ನಾವೆಲ್ಲ ಕೇಳಿದ್ದೇವೆ. ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಅವರನ್ನು ದಂಡನಾಯಕರೆಂದೇ ಚಿತ್ರಿಸುತ್ತಾರೆ. ಆಗ ಅವರು ನಿವೃತ್ತರಾಗಿ 12 ವರ್ಷ ಕಳೆದಿತ್ತು. ಹಾಗೆ ಉತ್ತರಿಸಿದವರು ಒಬ್ಬ ಮಾಜಿ ಸೈನಿಕ ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. 1986ರಲ್ಲಿ, 87ರ ವಯಸ್ಸಿನಲ್ಲಿ, ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಬಂತು. ಆ ಪದವಿಗೆ ನಿವೃತ್ತಿ ಎಂಬುದಿಲ್ಲ, ಅದನ್ನು ಪಡೆದವರು ಜೀವಮಾನವಿಡೀ ಸೇವೆಯಲ್ಲಿರುವವರೆಂದೇ ಲೆಕ್ಕ. ಯಾರ ನಿವೃತ್ತಿಯಿಂದ ಮಾಜಿ ಸೈನಿಕರ ದಿನ ಹುಟ್ಟಿತೋ ಅವರನ್ನು ದೇಶ ಕೊನೆಯಲ್ಲಿ ಮತ್ತೆ ಸೇವೆಗೆ ಬರಮಾಡಿಕೊಂಡಂತಾಯಿತು.

ಫೀಲ್ಡ್ ಮಾರ್ಷಲ್ ಆಗುವ ಭಾಗ್ಯ ಎಲ್ಲರಿಗೂ ಬರುವುದಲ್ಲ. 2022ಕ್ಕಿಂತ ಮೊದಲು ಸೇನೆ ಸೇರಿದ ಸಾಮಾನ್ಯ ಜವಾನ 18-19ರಲ್ಲಿ ಭರ್ತಿಯಾದವನು, 40ರ ಆಸುಪಾಸಿನಲ್ಲಿ, ಎಷ್ಟೋ ಸಲ ಅದಕ್ಕೂ ಮೊದಲೇ, ಟ್ರಂಕು ಹೊತ್ತುಕೊಂಡು ಊರಿಗೆ ಮರಳುತ್ತಾನೆ. ಬೇರೆ ನೌಕರಿಯಲ್ಲಿರುವವರು ಬಡ್ತಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ ಅವನು ಪಿಂಚಣಿದಾರ. ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿರುತ್ತಾರೆ, ಹೊಲ ಅಣ್ಣತಮ್ಮಂದಿರ ಪಾಲಾಗಿರುತ್ತದೆ, ಊರಿನ ಲೋಕವ್ಯವಹಾರ ಅವನಿಲ್ಲದೆಯೇ ಮುಂದೆ ಹೋಗಿರುತ್ತದೆ. ನನ್ನ ಅಣ್ಣ 1991ರಲ್ಲಿ ಬಂದಾಗ 36 ವರ್ಷದವನು. ಹಿಮಾಲಯದ ಹಳ್ಳಗಳ ಮೇಲೆ ಸೇತುವೆ ಕಟ್ಟಿದ್ದ ಆ ಕೈಗಳು ಮುಂದೆ 24 ವರ್ಷ ಬ್ಯಾಂಕೊಂದರ ಬಾಗಿಲಲ್ಲಿ ಜೋಡಿನಳಿಗೆಯ ಬಂದೂಕು ಹಿಡಿದವು. ಅದು ಗೌರವದ ದುಡಿಮೆಯೇ. ಅದರಿಂದಲೇ ಅವನ ಹೆಣ್ಣುಮಕ್ಕಳಿಬ್ಬರು ಓದಿದರು. ಆದರೆ ಅಷ್ಟು ವರ್ಷಗಳಲ್ಲಿ ಆ ಬಾಗಿಲನ್ನು ಹಾದುಹೋದ ಸಾವಿರಾರು ಜನರಲ್ಲಿ ಒಬ್ಬರಾದರೂ ಅವನನ್ನು ಹಿಂದೆ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದರೆ ಅವನಿಗೆ ಸೇತುವೆಗಳ ಬಗ್ಗೆ ಹೇಳಲು ಬಹಳ ಇತ್ತು.

ಅವನನ್ನು ಜನ ಕೇಳುವ ಪ್ರಶ್ನೆ ಬೇರೆ: ಯಾವ ಯುದ್ಧದಲ್ಲಿ ಹೋರಾಡಿದಿರಿ? ಯಾವ ಯುದ್ಧದಲ್ಲಿಯೂ ಇಲ್ಲ ಎಂದ ಕೂಡಲೇ ಕೇಳಿದವರ ಮುಖ ಬಾಡುತ್ತದೆ. 1974ರಿಂದ 1991ರ ನಡುವೆ ಸೇವೆಯಲ್ಲಿದ್ದವರ ಪೈಕಿ ಎಷ್ಟೋ ಮಂದಿ ಗುಂಡಿನ ಕಾಳಗವನ್ನು ಕಂಡವರಲ್ಲ. ಅವರು ರಸ್ತೆ ಕಡಿದರು, ಸೇತುವೆ ಹಾಕಿದರು, ಹಿಮದಲ್ಲಿ ಕಾವಲು ನಿಂತರು, ನೆರೆ ಬಂದಾಗ ಜನರನ್ನು ದೋಣಿಗೆ ಹತ್ತಿಸಿದರು. ಜನವರಿ 14 ಇವರೆಲ್ಲರ ದಿನ. ಯುದ್ಧ ಕಂಡವರು, ಕಾಣದವರು ಎಂಬ ಭೇದ ಅದರ ಹುಟ್ಟಿನಲ್ಲಿಯೇ ಇಲ್ಲ, ಏಕೆಂದರೆ ಅದು ಯುದ್ಧದಿಂದ ಹುಟ್ಟಿದ್ದಲ್ಲ.

ಇಂಥ ದಿನ ಬೇರೆ ದೇಶಗಳಲ್ಲಿ ಹೇಗೆ ಹುಟ್ಟಿತು ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೆ ನಮ್ಮದರ ವಿಶೇಷ ಇನ್ನೂ ಸ್ಪಷ್ಟವಾಗುತ್ತದೆ. 1918ರ ನವೆಂಬರ್ 11ರಂದು ಬೆಳಿಗ್ಗೆ 11 ಗಂಟೆಗೆ ಮೊದಲ ಮಹಾಯುದ್ಧದ ಕದನವಿರಾಮ ಜಾರಿಗೆ ಬಂತು. ಆ ಯುದ್ಧಕ್ಕೆ ನಮ್ಮ ನೆಲದಿಂದ ಹೋದವರ ಸಂಖ್ಯೆ 10 ಲಕ್ಷವನ್ನೂ ಮೀರಿತ್ತು. ಕದನವಿರಾಮಕ್ಕೆ ಏಳು ವಾರ ಮೊದಲು, ಸೆಪ್ಟೆಂಬರ್ 23ರಂದು, ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದ ಕುದುರೆ ದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ಮರುವರ್ಷ ಅದೇ ನವೆಂಬರ್ 11ರಂದು ಬ್ರಿಟನ್ನಿನ ದೊರೆ ಐದನೆಯ ಜಾರ್ಜ್ ತನ್ನ ಸಾಮ್ರಾಜ್ಯದ ಪ್ರಜೆಗಳೆಲ್ಲ ಎರಡು ನಿಮಿಷ ಮೌನವಾಗಿ ನಿಲ್ಲಬೇಕೆಂದು ಕೋರಿದ. ನಾವು ಇಂದು ಪ್ರತಿ ಸಭೆಯಲ್ಲಿಯೂ ಆಚರಿಸುವ ಎರಡು ನಿಮಿಷದ ಮೌನ ಹೀಗೆ ವ್ಯಾಪಕವಾದದ್ದು, ಮತ್ತು ಅದು ಮೊದಲಿನಿಂದಲೂ ಸತ್ತವರಿಗೆ ಮೀಸಲು. ಆ ತಾಲೂಕು ಕೇಂದ್ರದ ವೇದಿಕೆಯ ಮೇಲೆ ನಡೆದದ್ದು ಬೇರೊಂದು ದಿನದ ವಿಧಿಯನ್ನು ತಂದು ಈ ದಿನಕ್ಕೆ ಅಂಟಿಸಿದ ತಪ್ಪು.

ಅಮೆರಿಕದಲ್ಲಿ ಈ ಎರಡನ್ನೂ ಬೇರ್ಪಡಿಸಿದ ರೀತಿ ಗಮನಾರ್ಹ. ಅಲ್ಲಿಯೂ ನವೆಂಬರ್ 11 ಮೊದಲು ಕದನವಿರಾಮದ ದಿನವಾಗಿಯೇ ಇತ್ತು. 1938ರಲ್ಲಿ ಅದು ಕಾನೂನಿನ ಪ್ರಕಾರ ರಜಾದಿನವಾಯಿತು. ಎರಡನೆಯ ಮಹಾಯುದ್ಧ ಮುಗಿದು ಲಕ್ಷಾಂತರ ಜನ ಮನೆಗೆ ಮರಳಿದ ಮೇಲೆ, ಅಲಬಾಮಾದ ಬರ್ಮಿಂಗ್‌ಹ್ಯಾಮ್ ಪಟ್ಟಣದ ಮಾಜಿ ಸೈನಿಕ ರೇಮಂಡ್ ವೀಕ್ಸ್ ಎಂಬುವರು, ಒಂದು ಯುದ್ಧಕ್ಕೆ ಮಾತ್ರ ಸೇರಿದ್ದ ಈ ದಿನವನ್ನು ಎಲ್ಲ ಯುದ್ಧಗಳ ಮಾಜಿ ಸೈನಿಕರ ದಿನವನ್ನಾಗಿ ಮಾಡಬೇಕೆಂದು ಹಿಡಿದ ಹಟ ಬಿಡದೆ, 1947ರಲ್ಲಿ ತಮ್ಮ ಊರಿನಲ್ಲಿಯೇ ಆಚರಣೆ ನಡೆಸಿದರು. 1953ರಲ್ಲಿ, ಎಂದರೆ ಕಾರ್ಯಪ್ಪನವರು ನಿವೃತ್ತರಾದ ವರ್ಷವೇ, ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಊರಿನ ಜನ ಹೊಸ ಹೆಸರಿನಲ್ಲಿ ದಿನವನ್ನು ಆಚರಿಸಿದರು. ಆ ಊರಿನವರೇ ಆದ ಎಡ್ವರ್ಡ್ ರೀಸ್ ಎಂಬ ಸಂಸದರು ಮಸೂದೆ ತಂದರು. 1954ರ ಜೂನ್ 1ರಂದು ಅಧ್ಯಕ್ಷ ಐಸೆನ್‌ಹೋವರ್ ಅದಕ್ಕೆ ಸಹಿ ಹಾಕಿದರು. ಕಾನೂನಿನಲ್ಲಿ ಬದಲಾದದ್ದು ಒಂದೇ ಪದ, ಕದನವಿರಾಮ ಎಂಬುದರ ಜಾಗದಲ್ಲಿ ಮಾಜಿ ಸೈನಿಕರು ಎಂಬುದು. ಸತ್ತವರಿಗೆ ಅಲ್ಲಿ ಮೇ ತಿಂಗಳಲ್ಲಿ ಬೇರೆಯದೇ ಸ್ಮರಣೆಯ ದಿನವಿದೆ. ಮುಂದೆ ದೀರ್ಘ ವಾರಾಂತ್ಯದ ಅನುಕೂಲಕ್ಕೆಂದು 1971ರಿಂದ ಈ ದಿನವನ್ನು ಅಕ್ಟೋಬರ್ ತಿಂಗಳ ಒಂದು ಸೋಮವಾರಕ್ಕೆ ಒಯ್ದರು. ಜನ ಒಪ್ಪಲಿಲ್ಲ. ರಾಜ್ಯಗಳು ಒಂದೊಂದಾಗಿ ಹಳೆಯ ತಾರೀಕಿಗೇ ಅಂಟಿಕೊಂಡವು, 1978ರಲ್ಲಿ ದಿನ ನವೆಂಬರ್ 11ಕ್ಕೇ ಮರಳಿತು.

ಅವರ ದಿನ ಊರುಗಳಿಂದ ಹುಟ್ಟಿ ರಾಜಧಾನಿಗೆ ಏರಿತು. ನಮ್ಮದು ರಾಜಧಾನಿಯಿಂದ ಇಳಿಯಬೇಕಾದದ್ದು, ಇನ್ನೂ ಹಳ್ಳಿಯವರೆಗೆ ಇಳಿದಿಲ್ಲ. ಸೇನೆಯ ಕೇಂದ್ರಗಳಿರುವ ಬೆಂಗಳೂರು, ಬೆಳಗಾವಿಯಂಥ ನಗರಗಳಲ್ಲಿ ಸಮಾವೇಶಗಳು ನಡೆಯುವುದನ್ನು ಬಲ್ಲೆ. ಆದರೆ ಮಾಜಿ ಸೈನಿಕ ಬದುಕುವುದು ಹೆಚ್ಚಾಗಿ ಅಲ್ಲಲ್ಲ, ಹಳ್ಳಿಯಲ್ಲಿ. ಅಲ್ಲಿ ಅವನಿಗೆ "ಮಿಲಿಟ್ರಿಯವರು" ಎಂಬ ಹೆಸರು ಸಾಯುವತನಕ ಉಳಿಯುತ್ತದೆ, ಮನೆಯ ವಿಳಾಸವೂ ಮಿಲಿಟ್ರಿಯವರ ಮನೆ ಎಂದೇ ಆಗುತ್ತದೆ. ಸರ್ಕಾರ ಮಾಜಿ ಎಂದು ಬರೆದರೂ ಊರಿನ ಬಾಯಲ್ಲಿ ಅವನು ಮಾಜಿಯಾಗುವುದೇ ಇಲ್ಲ. ಊರು ಹೀಗೆ ತಾನಾಗಿ ಕೊಟ್ಟಿರುವ ಮನ್ನಣೆಗೆ ಒಂದು ದಿನದ ರೂಪ ಕೊಡುವುದಷ್ಟೇ ಉಳಿದಿರುವ ಕೆಲಸ.

ಹೆಸರಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಈ ದಿನದ ಬ್ಯಾನರುಗಳ ಮೇಲೆ ವೆಟರನ್ಸ್ ಡೇ, ಹಿರಿಯ ಯೋಧರ ದಿನ, ಯೋಧ ಸ್ಮರಣೆ, ಮಾಜಿ ಸೈನಿಕರ ದಿನಾಚರಣೆ ಹೀಗೆ ಬಗೆಬಗೆಯ ಹೆಸರುಗಳನ್ನು ನೋಡಿದ್ದೇನೆ. ಇವುಗಳಲ್ಲಿ ಸ್ಮರಣೆ ಎಂಬುದು ನೇರವಾಗಿ ಮೌನಾಚರಣೆಗೆ ದಾರಿ ಮಾಡುತ್ತದೆ, ಕನ್ನಡದಲ್ಲಿ ಸ್ಮರಣೆ ಸಾಮಾನ್ಯವಾಗಿ ಇಲ್ಲದವರದು. ಹಿರಿಯ ಎಂಬುದು 36ಕ್ಕೆ ಪೆನ್ಷನ್ ಬಂದವನಿಗೆ ಹೊಂದುವುದಿಲ್ಲ. ಮಾಜಿ ಸೈನಿಕ ಎಂಬುದು ಕಳೆದುಹೋದದ್ದನ್ನು ಎತ್ತಿ ಹೇಳುವ ಪದವಾದರೂ ಜನಕ್ಕೆ ಗೊತ್ತಿರುವುದು, ದಾಖಲೆಗಳಲ್ಲಿ ಬಳಕೆಯಾಗಿರುವುದು ಅದೇ. ಆದ್ದರಿಂದ ಮಾಜಿ ಸೈನಿಕರ ದಿನ ಎಂಬ ಒಂದೇ ಹೆಸರನ್ನು ನಿಮ್ಮ ಎರಡೂ ಇಲಾಖೆಗಳು ಗೊತ್ತುಪಡಿಸಬೇಕೆಂದು ಕೋರುತ್ತೇನೆ. ಯುದ್ಧದಲ್ಲಿ ಮಡಿದವರಿಗೆ ವೀರಗಲ್ಲು ನಿಲ್ಲಿಸುವ ಪರಂಪರೆ ಈ ನಾಡಿನಲ್ಲಿ ಸಾವಿರ ವರ್ಷಕ್ಕೂ ಹಳೆಯದು, ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ಇಂದಿಗೂ ಅವು ನಿಂತಿವೆ. ಮರಳಿ ಬಂದವನಿಗೆ ಕಲ್ಲು ಬೇಕಾಗಿಲ್ಲ. ಅವನು ಎದುರಿಗೇ ಇದ್ದಾನೆ, ಅವನ ಜೊತೆ ಮಾತನಾಡಬಹುದು.

ಜನವರಿ 14 ಅನೇಕ ವರ್ಷಗಳಲ್ಲಿ ಸಂಕ್ರಾಂತಿಯ ದಿನವೇ ಆಗಿರುವುದರಿಂದ ಶಾಲೆಗಳಿಗೆ ರಜೆ ಇರುತ್ತದೆ, ಮಕ್ಕಳು ಸಿಗುವುದಿಲ್ಲ, ಬೇರೆ ದಿನಕ್ಕೆ ಹಾಕೋಣ ಎಂದು ಅಧಿಕಾರಿಗಳು ಹೇಳುವುದನ್ನು ಕೇಳಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ತಾರೀಕನ್ನು ಕದಲಿಸಿದರೆ ಅದರ ಹಿಂದಿನ ಕಥೆ ಕಳಚಿ ಬೀಳುತ್ತದೆ. ಅಮೆರಿಕದವರು ಏಳು ವರ್ಷ ಪಟ್ಟ ಪಾಡು ಅದೇ. ನನ್ನ ಕಣ್ಣಿಗೆ ಸಂಕ್ರಾಂತಿ ಈ ದಿನಕ್ಕೆ ಅಡ್ಡಿಯಲ್ಲ. ಸೂರ್ಯ ಒಂದು ರಾಶಿಯನ್ನು ಬಿಟ್ಟು ಇನ್ನೊಂದನ್ನು ಹೊಗುವ ದಿನಕ್ಕೆ ನಾವು ಸಂಕ್ರಮಣ ಎನ್ನುತ್ತೇವೆ. ಒಬ್ಬ ಸೈನಿಕ ಬ್ಯಾರಕ್ಕನ್ನು ಬಿಟ್ಟು ಮನೆಯನ್ನು ಹೊಗುವುದೂ ಒಂದು ಸಂಕ್ರಮಣವೇ, ಅದನ್ನು ನೆನೆಯಲು ಇದಕ್ಕಿಂತ ಒಪ್ಪುವ ಹಬ್ಬ ನಮ್ಮಲ್ಲಿ ಇಲ್ಲ. ಆ ದಿನ ಮನೆಮನೆಗೆ ಹೋಗಿ ಎಳ್ಳು ಬೀರುವ ಪದ್ಧತಿ ಹೇಗೂ ಇದೆ. ಹೊಸ ಬಟ್ಟೆ ತೊಟ್ಟ ಮಕ್ಕಳು ತಟ್ಟೆ ಹಿಡಿದು ಹೊರಟಾಗ, ಮೊದಲು ಊರಿನ ಮಿಲಿಟ್ರಿಯವರ ಮನೆಗೆ ಹೋಗಿ ಎಳ್ಳುಬೆಲ್ಲ ಕೊಟ್ಟು, ಅವರು ಎಲ್ಲೆಲ್ಲಿ ಇದ್ದರು, ಏನೇನು ಮಾಡಿದರು ಎಂದು ಕೇಳಿ ಬರುವಂತೆ ಶಾಲೆಯಲ್ಲಿ ಹೇಳಿ ಕಳುಹಿಸಿದರೆ ಸಾಕು. ಇದಕ್ಕೆ ಶಾಮಿಯಾನ ಬೇಡ, ಅನುದಾನ ಬೇಡ, ಶಾಲು ಹಾರವೂ ಬೇಡ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಸಂಕ್ರಾಂತಿಯ ರಜೆಗೆ ಮುಂಚಿನ ಕೊನೆಯ ಶಾಲಾ ದಿನದ ಬೆಳಗಿನ ಪ್ರಾರ್ಥನೆಯಲ್ಲಿ, 1953ರ ಜನವರಿ 14ರಂದು ಏನಾಯಿತು ಎಂಬುದನ್ನು ಐದು ನಿಮಿಷ ಹೇಳಬೇಕೆಂದು ಶಾಲಾ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಓದಿ ಹೇಳಬೇಕಾದ ಪಾಠವನ್ನು ಅದರ ಜೊತೆಯಲ್ಲಿಯೇ ಕಳುಹಿಸಲಿ, ಏಕೆಂದರೆ ಪಾಠವಿಲ್ಲದ ಸುತ್ತೋಲೆ ಫೈಲು ಸೇರುತ್ತದೆ ಎಂಬುದನ್ನು ಶಿಕ್ಷಕನಾಗಿ ನಾನು ಬಲ್ಲೆ. ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗಳಲ್ಲಿ ನೋಂದಾಯಿತರಾದ ಮಾಜಿ ಸೈನಿಕರ ಪಟ್ಟಿ ಇದ್ದೇ ಇದೆ. ಒಪ್ಪಿಗೆ ಕೊಟ್ಟವರ ಹೆಸರು, ಅವರು ಸೇವೆ ಸಲ್ಲಿಸಿದ ದಳ ಮತ್ತು ವರ್ಷಗಳನ್ನು ಆಯಾ ಗ್ರಾಮ ಪಂಚಾಯಿತಿಗೂ ಶಾಲೆಗೂ ತಲುಪಿಸುವುದು ಆ ಇಲಾಖೆಗೆ ಭಾರವಾಗಲಾರದು. ಸನ್ಮಾನ ಸಮಾರಂಭ ನಡೆಸುವ ಕಡೆಗಳಲ್ಲಿ, ಇದು ಬದುಕಿರುವವರ ದಿನ, ಹುತಾತ್ಮರಿಗೆ ಗೌರವ ಸಲ್ಲಿಸುವುದಾದರೆ ಅವರ ಹೆಸರು ಹೇಳಿಯೇ ಸಲ್ಲಿಸಬೇಕು ಎಂಬ ಒಂದು ಸಾಲಿನ ಸೂಚನೆ ನಿರೂಪಕರ ಕೈಗೆ ಮೊದಲೇ ಸಿಗಲಿ. ಗಂಡನನ್ನು ಕಳೆದುಕೊಂಡು ಕುಟುಂಬ ಪಿಂಚಣಿಯಲ್ಲಿ ಬದುಕುತ್ತಿರುವ ಹೆಣ್ಣುಮಕ್ಕಳ ಮನೆಗಳನ್ನೂ ಮಕ್ಕಳ ಆ ಸುತ್ತಿನಿಂದ ಬಿಡಬಾರದು. ಸೈನಿಕ ಗಡಿಯಲ್ಲಿದ್ದಷ್ಟು ಕಾಲ ಊರಿನಲ್ಲಿ ಮನೆ ನಡೆಸಿದವರು ಅವರೇ.

ಸುತ್ತೋಲೆ ಜಿಲ್ಲೆ, ತಾಲೂಕು, ಕ್ಲಸ್ಟರು ದಾಟಿ ಕಟ್ಟಕಡೆಯ ಶಾಲೆ ಮುಟ್ಟಲು ನಾಲ್ಕೈದು ವಾರ ಬೇಕಾಗುತ್ತದೆ. ಡಿಸೆಂಬರ್ 7ರ ಧ್ವಜ ದಿನದ ನಿಧಿ ಸಂಗ್ರಹಕ್ಕೆಂದು ಶಾಲೆಗಳಿಗೆ ಪತ್ರ ಹೋಗುವಾಗ ಇದನ್ನೂ ಅದರ ಜೊತೆಯಲ್ಲಿಯೇ ಕಳುಹಿಸಿದರೆ ಸಮಯಕ್ಕೆ ತಲುಪುತ್ತದೆ. ಪಾಠದ ಕರಡು ಬೇಕಾದರೆ ಬರೆದುಕೊಡಲು ನಾನು ಸಿದ್ಧನಿದ್ದೇನೆ. ಅಣ್ಣ ಈಗ ಎಪ್ಪತ್ತು ದಾಟಿದ್ದಾನೆ. ಸೇತುವೆಗಳ ಚಿತ್ರಗಳನ್ನು ಟ್ರಂಕಿನಿಂದ ತೆಗೆದು ಒರೆಸಿ ಇಟ್ಟಿದ್ದಾನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ